ಮಾವನ ಎಡ ಹೆಗಲ ಹಲಗೆ

ನನ್ನ ಸೋದರಮಾವನನ್ನು ನಾನು ಒದ್ದಿದ್ದೇನೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಒಂದು ಸಲವಲ್ಲ, ಹಲವು ಸಲ! ಕದ್ದುಮುಚ್ಚಿಯೂ ಅಲ್ಲ. ಅವರದೇ ಮನೆಯ ನಡುಮನೆಯಲ್ಲಿ, ಅತ್ತೆಯ ಕಣ್ಣೆದುರಿಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ. ಹಾಗೆ ಒದೆಸಿಕೊಳ್ಳಲಿಕ್ಕೆಂದು ಅವರೇ ಫೋನ್ ಮಾಡಿ ನನ್ನನ್ನು ಕೊಪ್ಪದಿಂದ ಎನ್.ಆರ್.ಪುರಕ್ಕೆ ಕರೆಸಿಕೊಂಡಿದ್ದಾರೆ. ಒದ್ದದ್ದು ಸಾಲಲಿಲ್ಲ ಅಂತ ಬೈದೂ ಇದ್ದಾರೆ. ಇಂಥ ಇನ್ನೊಬ್ಬ ಮಾವ ನಿಮ್ಮ ಕಡೆ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ, ಒಂದೇ ಬಸ್ಸಿನಲ್ಲಿ ಹೋಗಿ ಇಬ್ಬರದ್ದೂ ಮುಗಿಸಿಕೊಂಡು ಬರುತ್ತೇನೆ.

ನನ್ನ ಬಗ್ಗೆ ತಪ್ಪು ತಿಳಿಯಬೇಡಿ. ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು, ಹಿರಿಯರನ್ನು ಕಂಡರೆ ಎದ್ದು ನಿಲ್ಲುವ ಹೆಂಗಸು. ತಪ್ಪೆಲ್ಲ ನಾನು ಹುಟ್ಟಿದ ರೀತಿಯದ್ದು. ಲೋಕದ ಮಕ್ಕಳೆಲ್ಲ ತಲೆ ಮುಂದೆ ಮಾಡಿಕೊಂಡು ಬಂದರೆ ನಾನು ಕಾಲು ಮುಂದೆ ಮಾಡಿಕೊಂಡು ಬಂದೆನಂತೆ. ಅಮ್ಮ ಪಟ್ಟ ಪಾಡು ದೇವರಿಗೇ ಪ್ರೀತಿ. ಆದರೆ ಅಜ್ಜಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ! ಯಾಕೆಂದರೆ ಕಾಲು ಮುಂದಾಗಿ ಹುಟ್ಟಿದವರು ಕಾಲಲ್ಲಿ ಮುಟ್ಟಿದರೆ ಬೆನ್ನಿನ ಉಳುಕು, ಸೊಂಟದ ಚಳುಕು ಬಿಟ್ಟುಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಮೊಮ್ಮಗಳು ಹುಟ್ಟಿದಳು ಅನ್ನುವುದಕ್ಕಿಂತ ಮನೆಗೊಂದು ನೋವಿನೆಣ್ಣೆ ಬಾಟಲಿ ಬಂತು ಅನ್ನುವ ಖುಷಿ ಅವರಿಗೆ.

ಅಂದಿನಿಂದ ನನ್ನ ಕಾಲಿಗೆ ಬಿಡುವಿಲ್ಲ. ನಾನಿನ್ನೂ ಸರಿಯಾಗಿ ನಡೆಯಲು ಕಲಿಯುವ ಮೊದಲೇ ನನ್ನನ್ನು ಎತ್ತಿಕೊಂಡು ಹೋಗಿ ಯಾರ್ಯಾರದೋ ಸೊಂಟಕ್ಕೆ ಕಾಲು ತಾಗಿಸಿದ್ದಾರಂತೆ. ಮದುವೆ ಮನೆಗಳಲ್ಲಂತೂ ಕೇಳಬೇಡಿ! ಶೃಂಗೇರಿಯಲ್ಲೊಂದು ಮದುವೆಗೆ ಹೋದಾಗ ಊಟದ ಹಾಲಿನ ಹಿಂದೆ, ಪಾತ್ರೆ ತೊಳೆಯುವ ಜಾಗದ ಪಕ್ಕ, ನಮ್ಮ ಕಡೆಯ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಬೆನ್ನು ಬಗ್ಗಿಸಿಕೊಂಡು ಸಾಲಾಗಿ ನಿಂತಿದ್ದರು. ನಾನು ಒಂದು ಕಾಲಿನ ಚಪ್ಪಲಿ ಬಿಚ್ಚಿ, ಲಂಗ ಎತ್ತಿ ಹಿಡಿದು, ಒಬ್ಬೊಬ್ಬರಿಗೂ ತಾಗಿಸುತ್ತಾ ಹೋದೆ. ಗಂಡಿನ ಕಡೆಯವರೊಬ್ಬರು ಬಂದು ನೋಡಿ, 'ಇದು ಯಾವ ಶಾಸ್ತ್ರ?' ಅಂತ ಕೇಳಿ, ತಾವೂ ಸಾಲಿನ ಕೊನೆಗೆ ಹೋಗಿ ನಿಂತರು.

ಈಗ ಮಾವನ ವಿಷಯಕ್ಕೆ ಬರೋಣ. ನಮ್ಮ ಮಾವನದ್ದು ಎನ್.ಆರ್.ಪುರದಲ್ಲಿ ಬಟ್ಟೆ ಅಂಗಡಿ. ಸೀರೆ ಅಂದರೆ ಮಾವ, ಮಾವ ಅಂದರೆ ಸೀರೆ. ಸೀರೆಯನ್ನು ಮಡಿಕೆಯಲ್ಲೇ ತೋರಿಸಿ ಮಾರುವವರು ವ್ಯಾಪಾರಿಗಳೇ ಅಲ್ಲ ಅನ್ನುವುದು ಅವರ ಖಂಡಿತವಾದ ಅಭಿಪ್ರಾಯ. ಗಿರಾಕಿ ಸುಮ್ಮನೆ ಕಣ್ಣು ಹಾಯಿಸಿದರೆ ಸಾಕು, ಮಾವ ಅದನ್ನು ಝಾಡಿಸಿ ಬಿಡಿಸಿ, ಸೆರಗನ್ನು ತಮ್ಮ ಎಡ ಹೆಗಲಿನ ಮೇಲೆ ಹಾಕಿಕೊಂಡು, ಮೊಣಕೈ ಹೊರಗೆ ಚಾಚಿ, ಕತ್ತು ಒಂದು ಕಡೆ ವಾಲಿಸಿ ನಿಂತುಬಿಡುತ್ತಾರೆ. ದಪ್ಪ ಮೀಸೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಗಿಳಿಹಸಿರು ಜರಿ ಸೆರಗು! 'ನೋಡಮ್ಮ, ನನಗೇ ಇಷ್ಟು ಒಪ್ಪತ್ತೆ ಅಂದ್ರೆ ನಿಂಗೆ ಹೇಗೆ ಕಾಣಬಹುದು' ಅನ್ನುತ್ತಾರೆ. ಈ ಮಾತಿಗೆ ಉತ್ತರ ಇರುವ ಹೆಂಗಸು ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಸೀರೆ ಕಟ್ಟಿಸಿಕೊಂಡೇ ಹೋಗುತ್ತಾರೆ.

ಹೀಗಿದ್ದ ಮಾವನಿಗೆ ಒಂದು ಬೆಳಿಗ್ಗೆ ಎಡಗೈ ಮೇಲೆ ಏಳಲಿಲ್ಲ.

ಅದೂ ಎಲ್ಲಿ? ಪೂಜೆಯ ಮಣೆಯ ಮೇಲೆ. ಮಾವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡುತ್ತಾರೆ. ನೀರು, ವಿಭೂತಿ, ಪತ್ರೆ ಎಲ್ಲ ಆದ ಮೇಲೆ ಅಂಗೈಯನ್ನು ನಿಧಾನವಾಗಿ ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರುತ್ತಾರೆ. ಅಷ್ಟು ಹೊತ್ತು ಮಾತ್ರ ನಮ್ಮ ಮಾವ ಬಾಯಿ ಮುಚ್ಚಿಕೊಂಡಿರುವುದು. ಅವತ್ತು ಎದೆಯವರೆಗೆ ಬಂದ ಕೈ ಅಲ್ಲೇ ನಿಂತಿತು. ಇನ್ನೊಂದು ಚೂರು ಎತ್ತಲು ಹೋದರೆ ಹೆಗಲಿನಲ್ಲಿ ಚಾಕು ಹಾಕಿದ ಹಾಗೆ ನೋವು.

ನೋವಿಗೆ ಮೊದಲ ಆರೋಪಿ ದಿಂಬು. ಎರಡನೆಯದು ಫ್ಯಾನು. ಮೂರನೆಯದು ಅತ್ತೆ ಮಾಡಿದ ಹಲಸಿನಕಾಯಿ ಪಲ್ಯ!

'ಎಲ್ಲ ವಾಯು. ಹೆಗಲಿಗೆ ಹೋಗಿ ಕೂತಿದೆ' ಅಂದರು ಮಾವ.

'ನಿಮ್ಮ ವಾಯು ಹೆಗಲಿಗೆ ಹೋಗಿದ್ದರೆ ಈ ಮನೆಯಲ್ಲಿ ಇಷ್ಟು ತೊಂದ್ರೆ ಯಾಕೆ ಇರ್ತಿತ್ತು' ಅಂದರು ಅತ್ತೆ.

ದಿಂಬು ಬದಲಾಯಿತು, ಫ್ಯಾನು ನಿಂತಿತು, ಪಲ್ಯ ಬಂದ್ ಆಯಿತು. ಕೈ ಮಾತ್ರ ಏಳಲಿಲ್ಲ. ಆಗಲೇ ನನಗೆ ಫೋನ್ ಬಂದದ್ದು.

'ಎಂತ ಮಾಡ್ತಿದೀಯ? ಭಾನುವಾರ ಬಾ. ಬೆನ್ನಿಗೆ ಒಂದು ಒದೆ ಕೊಟ್ಟು ಹೋಗು.'

'ಮಾವ, ಹಿರಿಯರನ್ನ ಒದ್ದರೆ ಪಾಪ ಬರಲ್ವಾ?'

'ಬಂದ್ರೆ ನನ್ನ ಲೆಕ್ಕಕ್ಕೆ ಇರ್ಲಿ ಮಾರಾಯ್ತಿ, ನೀ ಬಾ ಮೊದ್ಲು. ಮಧ್ಯಾಹ್ನ ಕಡುಬು ಮಾಡಿಸ್ತೀನಿ.'

ಕಡುಬಿಗೆ ಮನಸೋತು ಹೋದೆ. ಹೋಗಿ ಮೊದಲು ಅವರ ಕಾಲಿಗೆ ನಮಸ್ಕಾರ ಮಾಡಿದೆ, ಆಮೇಲೆ ಅವರ ಬೆನ್ನಿಗೆ ಕಾಲಿಟ್ಟೆ, ಕೊನೆಗೆ ಮತ್ತೆ ಕಾಲಿಗೆ ಬಿದ್ದು ಕ್ಷಮೆ ಕೇಳಿದೆ. ನೋಡಿದವರಿಗೆ ನನಗೇ ಬುದ್ಧಿ ಸ್ಥಿಮಿತ ಇಲ್ಲ ಅನ್ನಿಸಿರಬೇಕು. ಮಾವ ಮಾತ್ರ ಎದ್ದು, ಕೈ ಎತ್ತಿ ನೋಡಿ, 'ಅಯ್ಯಪ್ಪಾ!' ಅಂತ ಕೂಗಿ, ನನ್ನ ಪಾದವನ್ನೇ ಅನುಮಾನದಿಂದ ನೋಡಿದರು.

'ನಿನ್ನ ಕಾಲಲ್ಲಿ ಮೊದಲಿನ ಪವರ್ ಇಲ್ಲ.'

'ಇರಬಹುದು ಮಾವ.'

'ಮದುವೆ ಆದ್ಮೇಲೆ ಹೋಯ್ತು. ಅವತ್ತೇ ನಿಮ್ಮಪ್ಪಂಗೆ ಹೇಳಿದ್ದೆ, ಇಷ್ಟು ಬೇಗ ಬೇಡ ಅಂತ.'

ಇನ್ನೂ ಎರಡು ಭಾನುವಾರ ಒದೆಸಿಕೊಂಡು, ನನ್ನ ಕಾಲಿನ ಮೇಲೆ ನಂಬಿಕೆ ಪೂರ್ತಿ ಹೋದ ಮೇಲೆ ಮಾವ ಇನ್ನೂ ಜೋರಾಗಿ ಒದೆಯುವವರನ್ನು ಹುಡುಕಿದರು. ಸಿಕ್ಕಿದ್ದು ಸಿರಿಮನೆ ಜಲಪಾತ! ಕಿಗ್ಗದ ದೇವರಿಗೆ ಹಣ್ಣುಕಾಯಿ ಮಾಡಿಸುವ ನೆಪದಲ್ಲಿ ನನ್ನನ್ನೂ ಅತ್ತೆಯನ್ನೂ ಕರೆದುಕೊಂಡು ಹೊರಟರು. ಅಲ್ಲಿಂದ ಜೀಪು ಮಾಡಿಸಿ ಸಿರಿಮನೆಗೆ ಹೋಗಿ, ಮೆಟ್ಟಿಲು ಇಳಿದು, ಅಂಗಿ ಬನಿಯನ್ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಎಡ ಹೆಗಲನ್ನು ಸರಿಯಾಗಿ ನೀರಿನ ಕೆಳಗೆ ಹಿಡಿದು ನಿಂತರು. ಸೆಲ್ಫಿ ತೆಗೆಯಲು ಬಂದ ಹುಡುಗರೆಲ್ಲ ಈ ಮನುಷ್ಯ ಯಾವುದೋ ವ್ರತ ಮಾಡುತ್ತಿದ್ದಾರೆ ಅಂದುಕೊಂಡು ದೂರ ಸರಿದು ಜಾಗ ಬಿಟ್ಟರು. ಒಬ್ಬ ಕೈ ಕೂಡ ಮುಗಿದ.

ಪರಿಣಾಮ? ಮಾವನಿಗೆ ಭರ್ಜರಿ ಶೀತ. ಒಂದೊಂದು ಸೀನಿಗೂ ಹೆಗಲು ಕಿತ್ತು ಬರುವಷ್ಟು ನೋವು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದವರು, ಅತ್ತೆಗೆ ನಿದ್ದೆ ಹತ್ತಿದ ಮೇಲೆ ನನಗೆ ಮೆಲ್ಲಗೆ ಹೇಳಿದರು:

'ಬೇರೆ ಎಲ್ಲಾನೂ ಬಲಗೈಯಲ್ಲಿ ಮಾಡ್ಕೋಬಹುದು ಮಾರಾಯ್ತಿ. ಊಟ, ವ್ಯಾಪಾರ, ಎಲ್ಲ. ಇದೊಂದು ಆಗಲ್ಲ. ಈ ಕೈ ಏಳಲಿಲ್ಲ ಅಂದ್ರೆ ನನ್ನ ಪೂಜೆ ಅರ್ಧಕ್ಕೇ ನಿಂತ ಹಾಗೆ. ಅದು ನಿಂತ್ರೆ ನಾನು ಎಂತಕ್ಕೆ ಬೇಕು?'

ಮಾವ ಅಂಥ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ನನಗೆ ತುಂಬ ಸಂಕಟವಾಯಿತು. ಅತ್ತೆ ಮೊಣಕೈ ಕೆಳಗೆ ದಿಂಬು ಇಟ್ಟುಕೊಡುತ್ತೇನೆ ಅಂದಿದ್ದರಂತೆ. ಮಾವ ಅದನ್ನು ಎತ್ತಿ ಆಚೆ ಎಸೆದಿದ್ದರು. ಮಣೆ ಬೇಡ, ಟವೆಲ್ಲಿನ ಜೋಲಿ ಬೇಡ, ಕುರ್ಚಿಯ ಕೈ ಬೇಡ. 'ಎತ್ತಿದ್ರೆ ನನ್ನ ತೋಳು ಎತ್ತಬೇಕು. ದಿಂಬು ಎತ್ತಿದ್ರೆ ಪುಣ್ಯ ದಿಂಬಿಗೆ ಹೋಗತ್ತೆ' ಅನ್ನುವುದು ಅವರ ವಾದ. ಹಟ ಅಂದರೆ ಅಂಥ ಹಟ.

ಕೊನೆಗೆ ನಾನೇ ಅವರನ್ನು ಕೊಪ್ಪಕ್ಕೆ ಕರೆಸಿಕೊಂಡೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆ ಮುರಿದಿಲ್ಲ, ಸವೆದಿಲ್ಲ ಅಂತ ಹೇಳಿ ಫಿಸಿಯೋ ಹತ್ತಿರ ಕಳಿಸಿದರು. ಫಿಸಿಯೋ ಅಂದರೆ ಈಗಷ್ಟೇ ಓದು ಮುಗಿಸಿ ಬಂದ ಹುಡುಗಿ. 'ಅಂಕಲ್, ಅಂಗಿ ತೆಗೆದು ಆ ಕಡೆ ತಿರುಗಿ ನಿಲ್ಲಿ' ಅಂದಳು. ಮಾವ ಅಂಗಿಯೇನೋ ತೆಗೆದರು, ಆದರೆ ತಿರುಗಲಿಲ್ಲ. ಅವಳು ಅವರ ಹಿಂದೆ ಹೋದರೆ ಇವರೂ ಅವಳ ಕಡೆಗೇ ತಿರುಗಿದರು. ಅವಳು ಈ ಕಡೆಯಿಂದ ಬಂದರೆ ಇವರು ಆ ಕಡೆಯಿಂದ. ಸಣ್ಣ ಕೋಣೆಯಲ್ಲಿ ಇಬ್ಬರೂ ಸುತ್ತು ಹೊಡೆದದ್ದೇ ಹೊಡೆದದ್ದು!

'ಅಂಕಲ್, ನಂಗೆ ನಿಮ್ಮ ಬೆನ್ನು ಬೇಕು.'

'ಮಾತಾಡ್ತಾ ಇರೋರಿಗೆ ಬೆನ್ನು ಹಾಕಿ ಅಭ್ಯಾಸ ಇಲ್ಲಮ್ಮ. ಅಂಗಡಿ ಇಟ್ಟವನು ನಾನು.'

ನಾನು ಎರಡೂ ತೋಳು ಹಿಡಿದು ಅವರನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ. ಹುಡುಗಿ ಪ್ರಶ್ನೆ ಶುರು ಮಾಡಿದಳು.

'ನಿಮ್ಮ ಕೆಲಸದಲ್ಲಿ ಭಾರ ಎತ್ತೋದಿದೆಯಾ?'

'ಅದಕ್ಕೆ ಆಳಿದಾನೆ.'

'ಮತ್ತೆ ನೀವು?'

'ನಾನು ಸೀರೆ ಉಡ್ತೀನಿ.'

ಹುಡುಗಿಯ ಪೆನ್ನು ನಿಂತಿತು. ನನ್ನ ಮುಖ ನೋಡಿದಳು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮಾವ ಮಂಚದ ಮೇಲಿನ ಬೆಡ್‌ಶೀಟು ಎಳೆದು, ಝಾಡಿಸಿ, ಎಡ ಹೆಗಲಿಗೆ ಹಾಕಿ, ಮೊಣಕೈ ಚಾಚಿ, ಕತ್ತು ವಾಲಿಸಿ, ಗೋಡೆಗೆ ಒಂದು ವ್ಯಾಪಾರದ ನಗು ಬೀರಿ ನಿಂತಾಗಿತ್ತು.

'ಹಾಗೇ ಇರಿ ಅಂಕಲ್! ಅಲ್ಲಾಡಬೇಡಿ!' ಅಂತ ಹುಡುಗಿ ಕೂಗಿದಳು. 'ಸಿಕ್ಕಿತು!'

ಅವಳು ಹೇಳಿದ್ದು ಹೀಗೆ. ಹೆಗಲು ಅಂದರೆ ಬರೀ ತೋಳು ಕೂಡುವ ಜಾಗ ಅಲ್ಲ. ಅದರ ಹಿಂದೆ, ಬೆನ್ನಿನ ಮೇಲೆ, ಎರಡೂ ಕಡೆ ಒಂದೊಂದು ತ್ರಿಕೋನದ ಹಲಗೆಯಂಥ ಮೂಳೆ ಇದೆ. ಕೈ ಮೇಲೆ ಹೋಗುವಾಗ ಆ ಹಲಗೆಯೂ ಬೆನ್ನಿನ ಮೇಲೆ ಜಾರಿ, ತಿರುಗಿ, ಕೈಗೆ ದಾರಿ ಮಾಡಿಕೊಡಬೇಕು. ಸೆರಗು ಜಾರಬಾರದು ಅಂತ ಎಡ ಹೆಗಲನ್ನು ಕಿವಿಯ ಕಡೆಗೆ ಏರಿಸಿ, ಮುಂದಕ್ಕೆ ಬಗ್ಗಿಸಿ ಹಿಡಿದು ಹಿಡಿದು ಮಾವನ ಹಲಗೆ ಅದೇ ಭಂಗಿಗೆ ಒಗ್ಗಿಹೋಗಿದೆ. ಹಿಂದಿನ ಸ್ನಾಯುಗಳು ಸೋತಿವೆ, ಮುಂದಿನವು ಬಿಗಿದಿವೆ. ಕೈ ಎತ್ತುವಾಗ ಹಲಗೆ ಜೊತೆಗೆ ಬರುತ್ತಿಲ್ಲ. ಅದಕ್ಕೇ ಒಳಗೆ ಸಿಕ್ಕಿಕೊಂಡ ಹಾಗಾಗಿ ನೋವು. ನನ್ನ ಬೆನ್ನಿನ ಮೇಲೆ ಮಾವನ ಅಂಗೈ ಇಡಿಸಿ, ನನಗೆ ಕೈ ಎತ್ತಲು ಹೇಳಿ, ಹಲಗೆ ಹೇಗೆ ತಿರುಗುತ್ತದೆ ಅಂತ ತೋರಿಸಿಯೂ ಕೊಟ್ಟಳು.

ಮಾವನಿಗೆ ಪರಮಾಶ್ಚರ್ಯ. 'ಅಂದ್ರೆ ನನ್ನ ಹಲಗೆ ಜಾಗ ಬಿಟ್ಟಿದೆ!'

'ಹೆಚ್ಚು ಕಮ್ಮಿ ಹಾಗೇ ಅಂಕಲ್.'

'ನೋಡಿದ್ಯಾ?' ಅಂತ ಮಾವ ನನ್ನ ಕಡೆ ತಿರುಗಿ, 'ನೀನು ಒದ್ದ ಜಾಗ ತಪ್ಪು! ಡಾಕ್ಟ್ರಮ್ಮ, ಇವಳು ಕಾಲು ಮುಂದಾಗಿ ಹುಟ್ಟಿದೋಳು. ಎಲ್ಲಿ ಅಂತ ಒಂದು ಪೆನ್ನಲ್ಲಿ ಗುರುತು ಹಾಕಿಕೊಡಿ. ಸರಿಯಾಗಿ ಅಲ್ಲಿಗೇ ಒದ್ದು ಕೂರಿಸ್ತಾಳೆ' ಅಂದರು.

ಹುಡುಗಿ ಪೆನ್ನು ಮೇಜಿನ ಮೇಲಿಟ್ಟಳು.

'ಮೇಡಂ, ನೀವು ಒದ್ದಿದೀರಾ?' ಅಂತ ಹುಡುಗಿ ಬಹಳ ಮೃದುವಾಗಿ ಕೇಳಿದಳು.

'ಮೆಲ್ಲಗೆ' ಅಂದೆ.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅವಳ ತಮ್ಮ ನಮ್ಮ ಶಾಲೆಯಲ್ಲೇ ಓದುತ್ತಿದ್ದಾನೆ ಅನ್ನುವುದು ಆಮೇಲೆ ಗೊತ್ತಾಯಿತು. ಆ ವಾರ ನನ್ನ ತರಗತಿಯಲ್ಲಿ ಇದ್ದಷ್ಟು ಶಿಸ್ತು ಮತ್ತೆಂದೂ ಇರಲಿಲ್ಲ.

ಒದೆ ಖಂಡಿತ ಬೇಡ ಅಂತ ಹೇಳಿ ಅವಳು ವ್ಯಾಯಾಮ ಕಲಿಸಿದಳು. ಗೋಡೆಗೆ ಅಂಗೈ ಊರಿ ಎದೆ ಹತ್ತಿರ ತಂದು ತಳ್ಳುವುದು, ಮುಂಗೈಯನ್ನು ಗೋಡೆಯ ಮೇಲೆ ಮೆಲ್ಲಗೆ ಜಾರಿಸುತ್ತಾ ಏರಿಸುವುದು, ರಬ್ಬರ್ ಪಟ್ಟಿ ಕಟ್ಟಿ ಹಿಂದಕ್ಕೆ ಎಳೆಯುವುದು. ರಬ್ಬರ್ ಪಟ್ಟಿ ಹೊರಗೆ ತೆಗೆದುಕೊಳ್ಳಿ ಅಂದಳು. ಬಟ್ಟೆ ಅಂಗಡಿಯವರು ಪಟ್ಟಿಯನ್ನು ಹೊರಗೆ ಕೊಳ್ಳುವುದುಂಟೆ? ಮಾವ ಒಳಲಂಗಕ್ಕೆ ಹಾಕುವ ಅಗಲದ ಎಲಾಸ್ಟಿಕ್ಕನ್ನು ಅಂಗಡಿಯ ಕಂಬಕ್ಕೆ ಕಟ್ಟಿ ಎಳೆಯತೊಡಗಿದರು. ಒಂದು ದಿನ ಗಂಟು ಬಿಚ್ಚಿ ಎಲಾಸ್ಟಿಕ್ಕು ಹಾರಿ, ಬ್ಲೌಸ್ ಪೀಸು ನೋಡುತ್ತಿದ್ದ ಹೆಂಗಸಿನ ಕೈಯಲ್ಲಿದ್ದ ಜ್ಯೂಸಿನ ಲೋಟಕ್ಕೆ ಬಡಿಯಿತು. ಆ ಬ್ಲೌಸ್ ಪೀಸು ಈಗ ಅತ್ತೆಯ ಹತ್ತಿರ ಇದೆ.

ಇದಿಷ್ಟೇ ಆಗಿದ್ದರೆ ನಾನು ಬರೆಯುವ ಅಗತ್ಯವೇ ಇರಲಿಲ್ಲ. ಮಾವನಿಗೆ ಹಲಗೆಯ ಹುಚ್ಚು ಹಿಡಿಯಿತು! ಅಲ್ಲಿಂದ ಮುಂದೆ ಅವರು ಯಾರ ಮುಖವನ್ನೂ ನೋಡಿದ್ದೇ ಇಲ್ಲ. ಎದುರಿಗೆ ಬಂದವರನ್ನು ಒಂದು ಸುತ್ತು ಹಾಕಿ ಬೆನ್ನು ನೋಡಿ ಆಮೇಲೆ 'ಆರಾಮಾ?' ಅನ್ನುತ್ತಿದ್ದರು. ಬಾಳೆಹೊನ್ನೂರಿನ ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿದ್ದಾರೆ. ಆ ಮನುಷ್ಯ ಬೆಚ್ಚಿ ತಿರುಗಿದರೆ, 'ಗಾಬರಿ ಎಂತಕ್ಕೆ ಮಾರಾಯ? ನಿನ್ನ ಬಲಗಡೆ ಹಲಗೆ ಹೊರಗೆ ಎದ್ದಿದೆ. ಗೋಡೆ ತಳ್ಳು' ಅಂದರಂತೆ. ಅವನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ. ಅದು ಅವನು ಇಳಿಯಬೇಕಾದ ಸ್ಟಾಪೇ ಅಂತ ಮಾವ ಇವತ್ತಿಗೂ ವಾದಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅನಾಹುತ ಸೀತೂರಿನಲ್ಲಿ ಆಯಿತು. ಅತ್ತೆಯ ತಂಗಿಯ ಮಗನಿಗೆ ಹೆಣ್ಣು ನೋಡಲು ಹಿರಿಯರು ಅಂತ ಮಾವನನ್ನು ಕರೆದುಕೊಂಡು ಹೋಗಿದ್ದರು. ನಾನೂ ಹೋಗಿದ್ದೆ. ಹುಡುಗಿ ಬಂದಳು, ಕಾಫಿ ಕೊಟ್ಟಳು, ನಮಸ್ಕಾರ ಮಾಡಿದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅವಳು ತಟ್ಟೆ ಹಿಡಿದು ಒಳಗೆ ಹೋಗುವಾಗ ಮಾವ ಗಂಭೀರವಾಗಿ ತಲೆ ಆಡಿಸಿ, 'ಹುಡುಗಿ ಲಕ್ಷಣವಾಗಿದಾಳೆ. ಬಲಗಡೆ ಹಲಗೆ ಮಾತ್ರ ಒಂಚೂರು ಮುಂದೆ' ಅಂದುಬಿಟ್ಟರು!

ಹುಡುಗಿಯ ತಾಯಿಯ ಮುಖ ಕೆಂಪಾಯಿತು. ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡರು. ಅಷ್ಟರಲ್ಲಿ ಹುಡುಗಿ ಬಾಗಿಲಿನಿಂದ ತಿರುಗಿ ಬಂದು, 'ನಿಮ್ಮ ಹುಡುಗಂದು ಎರಡೂ ಮುಂದೆ ಇದಾವಲ್ಲ ಮಾವ? ಬಂದಾಗಿಂದ ಮೊಬೈಲ್ ನೋಡ್ತಾ ಬಗ್ಗಿಕೊಂಡೇ ಇದಾರೆ' ಅಂದಳು.

ಹುಡುಗ ಥಟ್ಟನೆ ನೆಟ್ಟಗೆ ಕೂತ. ಮಾವ ತೊಡೆ ತಟ್ಟಿ ನಕ್ಕು, 'ಈ ಸಂಬಂಧ ಬಿಡಬಾರದು' ಅಂತ ಅಲ್ಲೇ ಘೋಷಿಸಿದರು. ಮದುವೆ ಆಯಿತು. ಸೀರೆಯೆಲ್ಲ ಮಾವನ ಅಂಗಡಿಯದ್ದೇ.

ಹೆಗಲಿಗೆ ಸೀರೆ ಹಾಕಿಕೊಳ್ಳುವುದನ್ನು ಸ್ವಲ್ಪ ಕಾಲ ಬಿಡಿ ಅಂತ ಫಿಸಿಯೋ ಹುಡುಗಿ ಹೇಳಿದ್ದಳು. ಅದಕ್ಕಾಗಿ ಶಿವಮೊಗ್ಗದಿಂದ ಒಂದು ಪ್ಲಾಸ್ಟಿಕ್ ಬೊಂಬೆ ತರಿಸಿದರು. ಬಂದ ದಿನವೇ ಮಾವ ಅದರ ಬೆನ್ನು ಸವರಿ ನೋಡಿ, 'ಇದಕ್ಕೆ ಹಲಗೆಯೇ ಇಲ್ಲ. ಇದರ ಮೇಲೆ ಸೆರಗು ಹೇಗೆ ನಿಲ್ಲತ್ತೆ?' ಅಂತ ಮೂಗು ಮುರಿದರು. ಗಿರಾಕಿಗಳಿಗೂ ಅದು ಹಿಡಿಸಲಿಲ್ಲ. 'ನೀವೇ ಹಾಕಿ ತೋರಿಸಿ ಸಾಹುಕಾರ್ರೇ, ಅದರ ಮುಖದಲ್ಲಿ ಕಳೆ ಇಲ್ಲ' ಅಂದರಂತೆ. ಮಾವ ಅಂದು ಒಂದು ಹೋಳಿಗೆ ಜಾಸ್ತಿ ತಿಂದರು.

ಹೀಗಿರುವಾಗ ಮಾವ ಮನೆಯವರನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿ ತಪಾಸಣೆ ಮಾಡಿದರು. ನನ್ನದು ಪಾಸಾಯಿತು. ಅತ್ತೆಯ ಸರದಿ ಬಂದಾಗ ಮಾವ ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು, ಟಾರ್ಚ್ ತರಿಸಿ ನೋಡಿದರು. ಅತ್ತೆಯ ಎರಡು ಹಲಗೆಗಳೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಇದ್ದವು. ಒಂದು ಮೇಲೆ, ಒಂದು ಕೆಳಗೆ. ಒಂದು ಹೊರಗೆ, ಒಂದು ಒಳಗೆ.

'ಇವಳೇ, ನಿನಗೆ ನೋವಿಲ್ವೇನೇ?'

'ಇಲ್ಲ.'

'ಒಂಚೂರೂ?'

'ರುಬ್ಬೋದು ನಾನೇ, ಬಟ್ಟೆ ಒಗೆಯೋದು ನಾನೇ, ಅಟ್ಟದಿಂದ ಡಬ್ಬ ಇಳಿಸೋದೂ ನಾನೇ. ನೋವು ಮಾಡ್ಕೊಳ್ಳಕ್ಕೆ ಪುರುಸೊತ್ತೆಲ್ಲಿದೆ?'

ಮಾವನಿಗೆ ಇದು ಘೋರ ಅನ್ಯಾಯ ಅನ್ನಿಸಿತು. ಮರುವಾರ ಕೊಪ್ಪಕ್ಕೆ ಬರುವಾಗ ಅತ್ತೆಯನ್ನು ಸಾಕ್ಷಿಯ ಥರ ಜೊತೆಗೆ ಕರೆದುಕೊಂಡು ಬಂದು ಫಿಸಿಯೋ ಹುಡುಗಿಯ ಎದುರು ನಿಲ್ಲಿಸಿದರು. 'ನೋಡಮ್ಮ, ಇವಳದ್ದು ನನಗಿಂತ ಓರೆ. ನೋವು ನನಗೆ! ಇದು ಯಾವ ಲೆಕ್ಕ?'

ಹುಡುಗಿ ನಕ್ಕಳು. ಆಮೇಲೆ ಅವರನ್ನು ಕೂರಿಸಿ ಸಮಾಧಾನವಾಗಿ ಹೇಳಿದಳು. ಹಲಗೆ ಓರೆ ಇದ್ದವರಿಗೆಲ್ಲ ನೋವು ಬರಬೇಕು ಅಂತೇನಿಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ. ನೆಟ್ಟಗಿದ್ದವರಿಗೂ ನೋವು ಬರುತ್ತದೆ, ಸೊಟ್ಟಗಿದ್ದವರೂ ಆರಾಮಾಗಿರುತ್ತಾರೆ. ಹಲಗೆ ಎಲ್ಲಿದೆ ಅನ್ನುವುದಕ್ಕಿಂತ ಕೈಯ ಜೊತೆ ಹೊಂದಿಕೊಂಡು ಹೋಗುತ್ತದೆಯಾ, ಅದನ್ನು ಹಿಡಿದಿರುವ ಸ್ನಾಯುಗಳಿಗೆ ಶಕ್ತಿ ಇದೆಯಾ ಅನ್ನುವುದು ಮುಖ್ಯ. ಆಂಟಿ ಬೆಳಗಿಂದ ಸಂಜೆವರೆಗೆ ಎರಡೂ ಕೈಯನ್ನು ಎಲ್ಲ ದಿಕ್ಕಿಗೂ ಆಡಿಸುತ್ತಾರೆ. ಅಂಕಲ್ ಒಂದೇ ಭಂಗಿಯಲ್ಲಿ ನಿಂತಿದ್ದರು, ಅಷ್ಟೇ ವ್ಯತ್ಯಾಸ. ದಿನಾ ಸ್ವಲ್ಪ ಸ್ವಲ್ಪ ಮಾಡಿ, ಅವಸರ ಬೇಡ, ಕೈ ಏಳುತ್ತದೆ ಅಂದಳು.

'ಹಾಗಾದ್ರೆ ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದು?' ಅಂತ ಮಾವ ಸಣ್ಣ ದನಿಯಲ್ಲಿ ಕೇಳಿದರು.

'ಊರೋರ ಬೆನ್ನು ಬಿಟ್ಟುಬಿಡಿ ಅಂಕಲ್.'

ಬಿಟ್ಟುಬಿಟ್ಟರು. ನಮ್ಮ ಮಾವ ಒಂದು ಹುಚ್ಚನ್ನು ತಾವಾಗಿ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಊರವರ ಬೆನ್ನು ಬಿಟ್ಟ ಮೇಲೆ ಅವರ ಹಟವೆಲ್ಲ ಗೋಡೆಯ ಮೇಲೆ ಹೋಯಿತು. ಬೆಳಿಗ್ಗೆ ಗೋಡೆ, ಸಂಜೆ ಗೋಡೆ. ಸುಣ್ಣದ ಗೋಡೆಯ ಮೇಲೆ ಅವರ ಮುಂಗೈ ಏರಿದಷ್ಟಕ್ಕೂ ಒಂದು ಕಂದು ಗೆರೆ ಮೂಡಿತು. ನಾನು ಫೋನ್ ಮಾಡಿದಾಗಲೆಲ್ಲ, 'ಎಲ್ಲಿಗೆ ಬಂತು ಮಾವ?' ಅಂತಲೇ ಕೇಳುತ್ತಿದ್ದೆ. 'ಎದೆ ದಾಟಿದೆ' ಅನ್ನುತ್ತಿದ್ದರು. ಇನ್ನೊಂದು ತಿಂಗಳಾದ ಮೇಲೆ, 'ಕುತ್ತಿಗೆ ಹತ್ರ ಬಂತು, ಆದ್ರೆ ನಡುಗ್ತದೆ. ಹಾಗೆ ನಡುಗೋ ಕೈಯಲ್ಲಿ ಮೇಲೆ ಎತ್ತಕ್ಕೆ ಧೈರ್ಯ ಬರಲ್ಲ' ಅಂದರು. ಲಿಂಗ ಕೈಜಾರಿ ಬಿದ್ದುಬಿಟ್ಟರೆ ಅನ್ನುವ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳಲು ಕೂಡ ಅವರಿಗೆ ಆಗುತ್ತಿರಲಿಲ್ಲ. ನನಗೂ ಕೇಳಲು ಮನಸ್ಸು ಬರುತ್ತಿರಲಿಲ್ಲ.

ಮೊನ್ನೆ ಎನ್.ಆರ್.ಪುರದಲ್ಲಿ ಶಿಕ್ಷಕರ ತರಬೇತಿ ಇತ್ತು. ಹಿಂದಿನ ದಿನವೇ ಹೋಗಿ ಮಾವನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಸ್ನಾನಕ್ಕೆ ಹೊರಟವಳು ದೇವರಕೋಣೆಯ ಬಾಗಿಲು ಅರ್ಧ ತೆರೆದಿದ್ದು ನೋಡಿ ಅಲ್ಲೇ ನಿಂತೆ.

ಮಾವ ಮಣೆಯ ಮೇಲೆ ಕೂತಿದ್ದರು. ಅವರ ಎಡ ಅಂಗೈ ಕಣ್ಣಿನ ಮಟ್ಟದಲ್ಲಿತ್ತು! ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ನನಗೆ ಖುಷಿಯಲ್ಲಿ ಕೂಗಿಬಿಡುವಂತಾಯಿತು. ಆಮೇಲೆ ನೋಡಿದರೆ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ, ಅತ್ತೆ ಕೂತಿದ್ದಾರೆ. ಅವರ ಪೂಜೆ ಬೆಳಗಿನ ಜಾವವೇ ಆಗಿರುತ್ತದೆ. ಆದರೂ ಅಲ್ಲಿ ಕೂತು, ಬಲಗೈಯನ್ನು ಚಾಚಿ, ಮಾವನ ಮೊಣಕೈಯ ಕೆಳಗೆ ತಮ್ಮ ಅಂಗೈ ಇಟ್ಟಿದ್ದಾರೆ. ಪೂಜೆ ಮುಗಿಯುವವರೆಗೂ ಆ ಕೈ ಅಲ್ಲಾಡಲಿಲ್ಲ. ಮಾವ ಕೈ ಇಳಿಸುವ ಹೊತ್ತಿಗೆ ಅತ್ತೆ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

ನಾನು ಹಿಂದೆಯೇ ಹೋದೆ. 'ಅತ್ತೆ, ಇದು ಯಾವಾಗಿಂದ?'

ಅವರು ದೋಸೆ ಹಿಟ್ಟು ಕಲಕುತ್ತಾ, 'ಮೆಲ್ಲಗೆ ಮಾತಾಡು' ಅಂದರು. 'ಅವರಿಗೆ ಗೊತ್ತಿಲ್ಲ. ನೋಟ ಅಲ್ಲೇ ನೆಟ್ಟಿರತ್ತಲ್ಲ, ಬೇರೆ ಪ್ರಜ್ಞೆ ಇರಲ್ಲ. ಕೈ ನಡುಗೋದು ನೋಡಿ ಒಂದಿನ ತಡೆಯಕ್ಕಾಗ್ಲಿಲ್ಲ, ಹೋಗಿ ಹಿಡಿದೆ. ಗೊತ್ತಾದ್ರೆ ದಿಂಬು ಎಸೆದ ಹಾಗೆ ನನ್ನನ್ನೂ ಎಸೀತಾರೆ. ನೀನು ಬಾಯಿ ಬಿಡಬೇಡ.'

ನಾನು ಬಾಯಿ ಬಿಡಲಿಲ್ಲ. ಚಟ್ನಿಗೆ ಕಾಯಿ ತುರಿದುಕೊಟ್ಟೆ. ತಿಂಡಿ ತಿಂದು ಮಾವನ ಜೊತೆ ಅಂಗಡಿಯವರೆಗೆ ನಡೆದುಕೊಂಡು ಹೋದೆ. ಅವರು ಷಟರು ಎತ್ತಿದರು. ಎಡಗೈಯಲ್ಲಿ! ಒಂದೇ ಏಟಿಗೆ, ತಲೆಗಿಂತ ಮೇಲಕ್ಕೆ, ಒಂದಿಷ್ಟೂ ನಡುಗದೆ. ನಾನು ಬಾಯಿ ಬಿಟ್ಟುಕೊಂಡು ನಿಂತೆ.

'ಮಾವ! ಕೈ ಪೂರ್ತಿ ಸರಿಹೋಗಿದೆ!'

'ಹೋಗಿ ತುಂಬ ದಿನ ಆಯ್ತು.'

'ಮತ್ತೆ ಬೆಳಿಗ್ಗೆ...' ಅಂದವಳು ಅತ್ತೆಗೆ ಕೊಟ್ಟ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಮಾವ ನನ್ನ ಮುಖ ನೋಡಿದರು. ಬೆನ್ನಲ್ಲ, ಮುಖ. ಆಮೇಲೆ ರಸ್ತೆಯ ಆಚೆ ಈಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

'ಅವಳಿಗೆ ಹೇಳ್ಬೇಡ ಮಾರಾಯ್ತಿ. ಸರಿಹೋಗಿದೆ ಅಂತ ಗೊತ್ತಾದ್ರೆ ಕೈ ತೆಗೆದುಬಿಡ್ತಾಳೆ.'